ಐ.ಜಿ. ರಸ್ತೆಯ ಕಟ್ಟಡಕ್ಕೆ ಗಾಜು ತೊಳೆಯಲು ಬಂದ ತಂಡ: ಕೆಳಗೆ ನಡೆಯುವವರ ಕಡೆಯಿಂದ ಒಂದು ವಿಮರ್ಶೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ನಮ್ಮದೊಂದು ಮೂರಂತಸ್ತಿನ ಕಟ್ಟಡವಿದೆ. ನೆಲಮಹಡಿಯಲ್ಲಿ ನಮ್ಮದೇ ಬಟ್ಟೆ ಅಂಗಡಿ, ಮೇಲಿನ ಎರಡು ಮಹಡಿಗಳು ಬಾಡಿಗೆಗೆ. ರಸ್ತೆಯ ಕಡೆಯ ಮುಖ ಪೂರ್ತಿ ಗಾಜು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನಲ್ಲಿ ಬಿಡುವ ಹೊತ್ತಿಗೆ ಗಾಜಿನ ಕೆಳ ಅಂಚಿನಲ್ಲೂ ರಬ್ಬರ್ ಪಟ್ಟಿಯ ಸಂದಿಯಲ್ಲೂ ಹಸಿರು ಪಾಚಿ ಕಟ್ಟಿರುತ್ತದೆ, ಬೇಸಿಗೆಯಲ್ಲಿ ರಸ್ತೆಯ ಧೂಳು ಕೂರುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಗಾಜು ತೊಳೆಸುವುದು ನಮಗೆ ಅನಿವಾರ್ಯ. ಈ ಸಲ ಹೊಸ ತಂಡವೊಂದಕ್ಕೆ ಕೆಲಸ ಕೊಟ್ಟೆವು. ಅವರ ಕೆಲಸ ಹೇಗಿತ್ತೆಂಬುದನ್ನು ಬರೆಯುವ ಮೊದಲು, ಹಳೆಯ ಗುತ್ತಿಗೆದಾರರನ್ನು ಏಕೆ ಬಿಟ್ಟೆವೆಂಬುದನ್ನು ಹೇಳಲೇಬೇಕು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಓದುವವರಿಗೆ ಹೆಸರಿಗಿಂತ, ಕೆಲಸ ಒಪ್ಪಿಸುವ ಮುನ್ನ ಏನನ್ನು ಕೇಳಬೇಕು ಎಂಬುದು ಹೆಚ್ಚು ಉಪಯೋಗಕ್ಕೆ ಬಂದೀತು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಹಳೆಯ ಗುತ್ತಿಗೆದಾರರು ಇಬ್ಬರು ಹುಡುಗರನ್ನು ಕಳಿಸಿದ್ದರು. ಬೆಳಿಗ್ಗೆ ಹತ್ತೂವರೆಯ ಹೊತ್ತು, ಫುಟ್‌ಪಾತಿನಲ್ಲಿ ಜನ ತುಂಬಿದ್ದರು. ಒಬ್ಬ ಎರಡನೆಯ ಮಹಡಿಯ ಕಿಟಕಿಯಿಂದ ಮೈ ಹೊರಚಾಚಿ ಬ್ಲೇಡಿನ ಸ್ಕ್ರೇಪರಿನಿಂದ ಪಾಚಿ ಕೆರೆಯುತ್ತಿದ್ದ, ಇನ್ನೊಬ್ಬ ಒಳಗೆ ನೀರು ತರಲು ಹೋಗಿದ್ದ, ಕೆಳಗೆ ಯಾರೂ ಇರಲಿಲ್ಲ. ಒದ್ದೆಯಾಗಿದ್ದ ಸ್ಕ್ರೇಪರ್ ಅವನ ಕೈಯಿಂದ ಜಾರಿ, ಮಗುವಿನ ಕೈ ಹಿಡಿದು ನಡೆಯುತ್ತಿದ್ದ ಹೆಂಗಸೊಬ್ಬರ ಮುಂದೆ ಒಂದು ಮೊಳ ದೂರದಲ್ಲಿ ಬಿದ್ದಿತು. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, "ಯಾರಿಗೂ ಏನೂ ಆಗಿಲ್ವಲ್ಲ ಸಾರ್, ಬಿಡಿ" ಎಂದರು. ಆ ಹೆಂಗಸು ಮಾತ್ರ ಮೇಲಿದ್ದ ಹುಡುಗನನ್ನು ಒಂದು ಮಾತೂ ಅನ್ನದೆ ನೇರವಾಗಿ ಅಂಗಡಿಯೊಳಗೆ ಬಂದು, "ಇದು ನಿಮ್ಮ ಕಟ್ಟಡವೇನ್ರೀ?" ಎಂದು ನನ್ನನ್ನು ಕೇಳಿದರು. ಹೌದೆಂದು ಹೇಳುವಾಗ ನನ್ನ ಕೈ ನಡುಗುತ್ತಿತ್ತು. ನಾನು ಕ್ಷಮೆ ಕೇಳಿದೆ, ಅವರು ಮಗುವನ್ನು ಎತ್ತಿಕೊಂಡು ಹೊರಟುಹೋದರು.

ಸುಮಾರು 9 ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ಒಂದೂವರೆ ಸೆಕೆಂಡೂ ಬೇಕಿಲ್ಲ. ಮುಟ್ಟುವಾಗ ಅದರ ವೇಗ ಗಂಟೆಗೆ 48 ಕಿಲೋಮೀಟರಿನಷ್ಟಿರುತ್ತದೆ. ಮೇಲಿನಿಂದ ಕೂಗಿ ಎಚ್ಚರಿಸಿದರೂ, ಕೆಳಗಿನವರು ತಲೆಯೆತ್ತಿ ನೋಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಐದು ಲೀಟರ್ ನೀರು ತುಂಬಿದ ಬಕೆಟ್ ಎಂದರೆ ಐದು ಕಿಲೋ ಭಾರ. ಈ ಲೆಕ್ಕವನ್ನು ಅಂದು ರಾತ್ರಿ ಕಾಗದದ ಮೇಲೆ ಹಾಕಿ ನೋಡಿದ ಮೇಲೆ, ಮರುದಿನವೇ ನಮ್ಮ ಬಂಧುಗಳಾದ ವಕೀಲರೊಬ್ಬರ ಬಳಿಗೆ ಹೋದೆ.

ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೇಲೆ ಹೊಣೆಯೂ ಗುತ್ತಿಗೆದಾರನದೇ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಸಾಮಾನ್ಯ ನಿಯಮ ಹಾಗೆಯೇ ಇದೆ, ಆದರೆ ಸಾರ್ವಜನಿಕರ ದಾರಿಯ ಮೇಲೆ ಚಾಚಿಕೊಂಡ ಅಪಾಯಕ್ಕೆ ಅದು ಒದಗುವುದಿಲ್ಲ ಎಂದು ಅವರು ವಿವರಿಸಿದರು. ಲಂಡನ್ನಿನಲ್ಲಿ ಫುಟ್‌ಪಾತಿನ ಮೇಲೆ ಚಾಚಿದ್ದ ದೀಪವೊಂದು ದಾರಿಹೋಕರ ಮೇಲೆ ಬಿದ್ದ ಮೊಕದ್ದಮೆಯಲ್ಲಿ, ರಿಪೇರಿಗೆ ಗುತ್ತಿಗೆದಾರನನ್ನು ನೇಮಿಸಿದ್ದೆ ಎಂಬ ಮನೆಯವನ ವಾದವನ್ನು ಅಲ್ಲಿನ ನ್ಯಾಯಾಲಯ 1876ರಷ್ಟು ಹಿಂದೆಯೇ ಒಪ್ಪಲಿಲ್ಲ. ಅದಕ್ಕೂ ಮೊದಲು, 1863ರಲ್ಲಿ, ಹಿಟ್ಟಿನ ಪೀಪಾಯಿಯೊಂದು ಅಂಗಡಿಯ ಮೇಲಿನ ಕಿಟಕಿಯಿಂದ ದಾರಿಹೋಕನ ಮೇಲೆ ಬಿದ್ದಾಗ, ಪೀಪಾಯಿ ತಾನಾಗಿ ಬೀಳುವ ವಸ್ತುವಲ್ಲ, ಅದು ಬಿದ್ದಿತೆಂಬುದೇ ನಿರ್ಲಕ್ಷ್ಯಕ್ಕೆ ಮೇಲ್ನೋಟದ ಸಾಕ್ಷಿ ಎಂಬ ತತ್ತ್ವ ನೆಲೆಗೊಂಡಿತು. ನಮ್ಮ ದೇಶದಲ್ಲಿ ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಮೂವರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ಇದೇ ತತ್ತ್ವವನ್ನು ಅನ್ವಯಿಸಿ, ಹೆದ್ದಾರಿಗೆ ಹೊಂದಿಕೊಂಡ ಕಟ್ಟಡದ ಒಡೆಯನಿಗೆ ಅದರ ದೋಷ ತಿಳಿದಿರಲಿ, ತಿಳಿಯದಿರಲಿ, ದಾರಿಹೋಕರಿಗಾದ ಹಾನಿಗೆ ಅವನು ಹೊಣೆಗಾರ ಎಂದು ಹೇಳಿತು. ಗೋಪುರ ಕುಸಿಯುವುದೂ ಸ್ಕ್ರೇಪರ್ ಜಾರುವುದೂ ಒಂದೇ ಅಲ್ಲ, ನಿಜ. ಆದರೆ ಕೆಳಗೆ ನಡೆಯುವವರಿಗೆ ಮೇಲಿರುವ ಗುತ್ತಿಗೆದಾರ ಯಾರೆಂಬುದು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕಟ್ಟಡ ಯಾರದೆಂದು ಕೇಳಿದ ಆ ತಾಯಿ ಕೇಳಬೇಕಾದವರನ್ನೇ ಕೇಳಿದ್ದರು.

ಇದು ಪರಿಹಾರದ ಮಾತಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಸೆಕ್ಷನ್ ಪ್ರಕಾರ, ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವಂಥ ದುಡುಕಿನ ಅಥವಾ ನಿರ್ಲಕ್ಷ್ಯದ ಕೆಲಸ, ಯಾರಿಗೂ ಗಾಯವಾಗದಿದ್ದರೂ, ಅಪರಾಧವೇ ಆಗಿದೆ. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಸಜೆ ಆಗಬಹುದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಸೆಕ್ಷನ್ ಅಡಿಯಲ್ಲಿ ಐದು ವರ್ಷದವರೆಗೆ ಸಜೆಯಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ 285ನೆಯ ಸೆಕ್ಷನ್ ಪ್ರಕಾರ 5,000 ರೂಪಾಯಿವರೆಗೆ ದಂಡ. ಹಾಗಾದರೆ "ಯಾರಿಗೂ ಏನೂ ಆಗಿಲ್ವಲ್ಲ" ಎಂಬ ಉತ್ತರಕ್ಕೆ ಕಾನೂನಿನ ಬೆಂಬಲವಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ವಾಹನ ಗುದ್ದಿ ಗಾಯಗೊಂಡವರಿಗೆ ಮೋಟಾರು ಅಪಘಾತ ನ್ಯಾಯಮಂಡಳಿಯಿದೆ, ವಾಹನಕ್ಕೆ ಕಡ್ಡಾಯ ವಿಮೆಯಿದೆ. ಮೇಲಿನಿಂದ ಬಕೆಟ್ ಬಿದ್ದು ಗಾಯಗೊಂಡವರಿಗೆ ಅಂಥ ಮಂಡಳಿಯಿಲ್ಲ. ಅವರು ನ್ಯಾಯಾಲಯ ಶುಲ್ಕ ಕಟ್ಟಿ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಬೇಕು. ಸೇವೆಗೆ ಹಣ ಕೊಟ್ಟವರು ಅವರಲ್ಲವಾದ್ದರಿಂದ ಗ್ರಾಹಕರ ಆಯೋಗದ ಬಾಗಿಲೂ ಅವರಿಗೆ ತೆರೆಯುವುದಿಲ್ಲ. ದುಡಿದು ಉಣ್ಣುವ ಮನೆಯೊಂದು ಅಷ್ಟು ಕಾಲ ಕಾಯುವುದು ಹೇಗೆ?

ಈ ಹಿನ್ನೆಲೆಯಲ್ಲಿ ಹೊಸ ತಂಡವನ್ನು ಹುಡುಕುವಾಗ ನಾನು ಗಾಜಿನ ಹೊಳಪಿನ ಬಗ್ಗೆ ಕೊನೆಯಲ್ಲಿ ಕೇಳಿದೆ. ತಂಡದ ಮುಖ್ಯಸ್ಥರು ದರ ಹೇಳುವ ಮೊದಲೇ ಒಂದು ಸಂಜೆ ಬಂದು ಜಾಗ ನೋಡಿದರು. ಫುಟ್‌ಪಾತಿನ ಅಗಲ ಅಳೆದರು. ಐದು ಅಡಿ ಬಂತು. ಇಲ್ಲಿ ಏಣಿ ಬೇಡವೆಂದು ಅವರು ತಕ್ಷಣ ಹೇಳಿದ ಕಾರಣ ನನಗೆ ಬಹಳ ಹಿಡಿಸಿತು. ಒರಗಿಸಿದ ಏಣಿ ಜಾರದೆ ನಿಲ್ಲಬೇಕಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಅದರ ಬುಡ ಗೋಡೆಯಿಂದ ದೂರವಿರಬೇಕು. ಇಪ್ಪತ್ತು ಅಡಿ ಎತ್ತರಕ್ಕೆ ಒರಗಿಸಿದರೆ ಬುಡ ಐದು ಅಡಿ ಆಚೆಗೆ, ಅಂದರೆ ಸರಿಯಾಗಿ ಫುಟ್‌ಪಾತಿನ ಅಂಚಿನ ಕಲ್ಲಿನ ಮೇಲೆ ಬರುತ್ತದೆ. ಆಗ ನಡೆಯುವವರು ಏಣಿಯ ಅಡಿಯಲ್ಲಿ ನುಸುಳಬೇಕು, ಇಲ್ಲವೇ ಬಸ್ಸು ಓಡುವ ರಸ್ತೆಗೆ ಇಳಿಯಬೇಕು. ಬುಡವನ್ನು ಗೋಡೆಯ ಹತ್ತಿರಕ್ಕೆ ಎಳೆದರೆ ಹತ್ತಿದವನು ಹಿಂದಕ್ಕೆ ಮಗುಚುತ್ತಾನೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕೆಂದು, ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಫುಟ್‌ಪಾತು ಪೂರ್ತಿ ಖಾಲಿಯಿದ್ದರೂ ಅಷ್ಟಿಲ್ಲ.

ಅವರು ಬಳಸಿದ ವಿಧಾನ ಉದ್ದನೆಯ ಕೋಲಿನದು. ಒಂದರೊಳಗೊಂದು ಸೇರುವ ಕೋಲಿನ ತುದಿಯಲ್ಲಿ ಬ್ರಷ್ ಇದ್ದು, ಅದರ ಮೂಲಕ ಲವಣಾಂಶ ತೆಗೆದ ಶುದ್ಧ ನೀರು ಚಿಮ್ಮುತ್ತದೆ. ಲವಣವಿಲ್ಲದ ನೀರು ತಾನಾಗಿ ಒಣಗಿದರೂ ಕಲೆ ಉಳಿಯುವುದಿಲ್ಲ, ಆದ್ದರಿಂದ ಸೋಪೂ ಬೇಡ, ಒರೆಸುವುದಕ್ಕೆ ಮೇಲೆ ಹತ್ತುವುದೂ ಬೇಡ. ಕೆಲಸಗಾರರು ನೆಲದ ಮೇಲೆಯೇ ನಿಂತಿರುತ್ತಾರೆ. ಹಠಮಾರಿ ಪಾಚಿಯಿದ್ದ ಎರಡು ಕಡೆ ಮಾತ್ರ ಒಬ್ಬರು ಮಹಡಿಯಿಂದ ಹಗ್ಗದಲ್ಲಿ ಇಳಿದರು. ಮೈಗೆ ಬೆಲ್ಟು, ತಲೆಗೆ ಹೆಲ್ಮೆಟ್, ಕೆಲಸದ ಹಗ್ಗವೊಂದು, ಅದು ಕೈಕೊಟ್ಟರೆ ಹಿಡಿಯಲು ಬೇರೆ ಜಾಗಕ್ಕೆ ಕಟ್ಟಿದ ಇನ್ನೊಂದು. ಸ್ಕ್ರೇಪರಿಗೂ ವೈಪರಿಗೂ ದಾರ ಕಟ್ಟಿ ಬೆಲ್ಟಿಗೆ ಸಿಕ್ಕಿಸಿದ್ದರು. ಆ ಗೇಣುದ್ದದ ದಾರವನ್ನು ಕಂಡಾಗ, ಹೋದ ವರ್ಷವೂ ಇದೊಂದು ಇದ್ದಿದ್ದರೆ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

ಸಮಯದ ಆಯ್ಕೆಯೂ ಅವರದೇ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗರ ವಾಹನಗಳಿಂದ ಊರು ತುಂಬುವುದರಿಂದ ವಾರದ ನಡುವಿನ ದಿನ, ಬೆಳಿಗ್ಗೆ ಆರರಿಂದ ಎಂಟೂವರೆ ಎಂದು ಗೊತ್ತು ಮಾಡಿದರು. ಫುಟ್‌ಪಾತಿನ ಎರಡೂ ತುದಿಗೆ ಕೋನ್ ಇಟ್ಟು ಪಟ್ಟಿ ಕಟ್ಟಿದರು, "ಮೇಲೆ ಕೆಲಸ ನಡೆಯುತ್ತಿದೆ" ಎಂಬ ಕನ್ನಡದ ಫಲಕ ನಿಲ್ಲಿಸಿದರು, ಒಬ್ಬರನ್ನು ಕೆಳಗೆ ಕಾವಲಿಗೆ ಬಿಟ್ಟರು. ನಗರಸಭೆಗೆ ಮುಂಚಿತವಾಗಿ ಪತ್ರ ಕೊಡುವಂತೆಯೂ ನನಗೆ ಹೇಳಿದ್ದರು. ವಯಸ್ಸಾದವರು ಬಂದಾಗ ಕಾವಲಿನವರು, "ಒಂದು ನಿಮಿಷ ನಿಲ್ಲಿ ಅಜ್ಜ" ಎಂದು ಮೇಲಿನ ಕೆಲಸ ನಿಲ್ಲಿಸಿ, ಕೈ ಹಿಡಿದು ದಾಟಿಸಿದ್ದನ್ನು ನಾನೇ ಎರಡು ಸಲ ನೋಡಿದೆ.

ಕಟ್ಟಡದ ಎಡ ಮೂಲೆಯ ಹತ್ತಿರ ವಿದ್ಯುತ್ ತಂತಿ ಹಾದಿದೆ. ಕಾರ್ಬನ್ ಫೈಬರ್ ಕೋಲು ವಿದ್ಯುತ್ತನ್ನು ಹರಿಸುತ್ತದೆ, ಒದ್ದೆಯಾದ ಕೋಲಂತೂ ಯಾವುದಿದ್ದರೂ ಅಪಾಯವೇ. ಮೆಸ್ಕಾಂನವರು ಲೈನ್ ಆಫ್ ಮಾಡುವವರೆಗೆ ಆ ಮೂಲೆಯನ್ನು ಮುಟ್ಟುವುದಿಲ್ಲವೆಂದು ಅವರು ಹಾಗೆಯೇ ಬಿಟ್ಟು ಹೋದರು. ಮೂಲೆಯ ನಾಲ್ಕು ಗಾಜುಗಳು ಇಂದಿಗೂ ಮಸುಕಾಗಿವೆ. ಇದನ್ನು ಕೆಲಸದ ಕೊರತೆಯೆಂದು ನಾನು ಎಣಿಸುವುದಿಲ್ಲ.

ವಿಮೆಯ ಕಾಗದವನ್ನು ಕೇಳದೆ ಯಾರೂ ಇಂಥ ಕೆಲಸ ಒಪ್ಪಿಸಬಾರದು, ಮತ್ತು ಕಾಗದವನ್ನು ಪೂರ್ತಿ ಓದಬೇಕು. ಹಳೆಯವರನ್ನು ಕೇಳಿದಾಗ ಹುಡುಗರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ ಎಂದಿದ್ದರು. ವರ್ಷಕ್ಕೆ 20 ರೂಪಾಯಿ ಕಂತಿನ ಆ ವಿಮೆ ಒಳ್ಳೆಯದೇ, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಬರುತ್ತದೆ. ಆದರೆ ಅದು ವಿಮೆ ಮಾಡಿಸಿದವರಿಗೆ ಮಾತ್ರ, ಕೆಳಗೆ ನಡೆಯುವವರಿಗೆ ಅದರಿಂದ ಬಿಡಿಗಾಸೂ ಇಲ್ಲ. ಹೊರಗಿನವರಿಗೆ ಆಗುವ ಹಾನಿಯನ್ನು ತುಂಬುವುದು ಸಾರ್ವಜನಿಕ ಹೊಣೆಗಾರಿಕೆ ವಿಮೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಇದನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ ಎಂದು ಕೆಲವರು ತಿಳಿದಿದ್ದಾರೆ. ಅದು ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು. ಗಾಜು ತೊಳೆಯುವವರು ತಾವಾಗಿಯೇ ಪಾಲಿಸಿ ಕೊಳ್ಳಬೇಕು. ಹೊಸ ತಂಡದ ಬಳಿ ಅಂಥ ಪಾಲಿಸಿ ಇತ್ತು. ಒಂದು ಅಪಘಾತಕ್ಕೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿಗಳನ್ನೂ, ಎತ್ತರದ ಕೆಲಸವನ್ನು ಹೊರಗಿಟ್ಟಿಲ್ಲ ಎಂಬುದನ್ನೂ ವಕೀಲರಿಗೆ ತೋರಿಸಿ ಖಚಿತ ಮಾಡಿಕೊಂಡೆ. ಹೊಸ ತಂಡದ ಒಪ್ಪಂದದಲ್ಲಿ "ಅವಘಡಗಳಿಗೆ ಕಟ್ಟಡದ ಮಾಲೀಕರೇ ಹೊಣೆ" ಎಂಬ ಸಾಲು ಇರಲಿಲ್ಲ, ಹಳೆಯವರ ಬಿಲ್ಲಿನ ಹಿಂಬದಿಯಲ್ಲಿ ಇತ್ತು. ಅಂಥ ಸಾಲು ಸಹಿ ಹಾಕಿದ ಇಬ್ಬರ ನಡುವೆ ಏನೇ ಮಾಡಲಿ, ಸಹಿಯೇ ಹಾಕದ ದಾರಿಹೋಕರ ಹಕ್ಕನ್ನು ಕಿತ್ತುಕೊಳ್ಳಲಾರದು.

ಕೊರತೆಗಳೂ ಇದ್ದವು. ಕೋಲಿನಿಂದ ಇಳಿದ ನೀರು ಚರಂಡಿಯ ಚಪ್ಪಡಿಗಳ ಮೇಲೆ ನಿಂತು ಜಾರುವಂತಾಗಿತ್ತು. ಅಂಗಡಿ ತೆರೆಯುವ ಹೊತ್ತಿಗೂ ಅದನ್ನು ಎಳೆದಿರಲಿಲ್ಲ, ನಮ್ಮ ಹುಡುಗಿಯರೇ ಪೊರಕೆ ಹಿಡಿದು ಎಳೆದರು. ಮೇಲಿನಿಂದ ಬೀಳುವುದನ್ನು ಅಷ್ಟು ಶ್ರದ್ಧೆಯಿಂದ ತಡೆದವರು ಕಾಲಡಿಯ ನೀರನ್ನು ಮರೆತದ್ದು ನನಗೆ ಬೇಸರ ತಂದಿತು, ಏಕೆಂದರೆ ಮುದುಕಿಯೊಬ್ಬರು ಅಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅವರಿಗೂ ಉತ್ತರ ಕೊಡಬೇಕಾದವರು ನಾವೇ. ಕಾವಲಿನವರು ಕೊನೆಯ ಅರ್ಧ ಗಂಟೆಯಲ್ಲಿ ಮೊಬೈಲ್ ನೋಡುತ್ತ ನಿಂತಿದ್ದರು. ಹೇಳಿದ ಮೇಲೆ ಜೇಬಿಗಿಟ್ಟರು. ಹಳೆಯವರು 4,000 ರೂಪಾಯಿ ತೆಗೆದುಕೊಳ್ಳುತ್ತಿದ್ದ ಕೆಲಸಕ್ಕೆ ಇವರು 7,500 ತೆಗೆದುಕೊಂಡರು. ಬಾಡಿಗೆದಾರರೊಬ್ಬರು ಇದು ದುಬಾರಿಯೆಂದರು. ಹೆಚ್ಚಿನ 3,500 ರೂಪಾಯಿ ಯಾವುದಕ್ಕೆ ಹೋಯಿತೆಂದು ನಾನು ಕಣ್ಣಾರೆ ಕಂಡಿದ್ದರಿಂದ ನನಗೆ ಹಾಗೆ ಅನ್ನಿಸಲಿಲ್ಲ.

ಗಾಜು ಚೆನ್ನಾಗಿ ಬಂದಿದೆ. ಬಿಟ್ಟುಹೋದ ಆ ಮೂಲೆಯೊಂದನ್ನು ಬಿಟ್ಟರೆ ಪಾಚಿ ಪೂರ್ತಿ ಹೋಗಿದೆ, ಕಲೆಯಿಲ್ಲ. ಮುಂದಿನ ಸಲಕ್ಕೂ ಇವರನ್ನೇ ಕರೆಯುತ್ತೇವೆ. ನೀರು ಎಳೆಯುವುದಕ್ಕೆ ಒಬ್ಬರು ಹೆಚ್ಚಿಗೆ ಬರಬೇಕೆಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಅವರ ವಿಮೆಯ ಅವಧಿ ಫೆಬ್ರವರಿಯಲ್ಲಿ ಮುಗಿಯುತ್ತದೆ, ಆ ತಾರೀಕನ್ನು ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.