ಕರಿ ಸೈಕಲ್ಲಿನಲ್ಲಿ ಕೆಲಸಕ್ಕೆ: 28 ಇಂಚಿನ ರಾಡ್ ಬ್ರೇಕ್ ಸೈಕಲ್ ಹೇಗಿದೆ?

ಮೂವತ್ತೋ ನಲವತ್ತೋ ದಾಟಿದ ಮೇಲೆ ಮತ್ತೆ ಸೈಕಲ್ ತುಳಿದು ಕೆಲಸಕ್ಕೆ ಹೋಗುವ ಮನಸ್ಸು ಮಾಡಿದವರಿಗೆ ಅಂಗಡಿಯಲ್ಲಿ ಮೊದಲು ಕಾಣುವುದು ಗೇರ್ ಸೈಕಲ್‌ಗಳು. ಹಾಲಿನವರು, ಪೇಪರ್ ಹಾಕುವವರು ಬಳಸುವ ಕರಿ ಸೈಕಲ್ ಒಳಗೆಲ್ಲೋ ಮೂಲೆಯಲ್ಲಿರುತ್ತದೆ. ಊರು ಮಟ್ಟಸವಾಗಿದ್ದು, ಕೆಲಸದ ಜಾಗ ಆರೇಳು ಕಿಲೋಮೀಟರ್ ಒಳಗಿದ್ದರೆ ಆ ಮೂಲೆಯದನ್ನೇ ಕೇಳಿ ತೆಗೆಸಿ ನೋಡಿ. ದಾವಣಗೆರೆ, ರಾಯಚೂರಿನಂಥ ಊರುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಮಂಗಳೂರು, ಮಡಿಕೇರಿ, ಧಾರವಾಡದ ಏರುಗಳಿಗೆ ಮಾತ್ರ ಇದು ಹೇಳಿದ್ದಲ್ಲ. ಅಲ್ಲಿ ಗೇರ್ ಇಲ್ಲದೆ ಹೋದರೆ ವಾರದೊಳಗೆ ಸೈಕಲ್ ಮತ್ತೆ ಗೋಡೆಗೆ ಒರಗುತ್ತದೆ.

ಹೀರೋ, ಹರ್ಕ್ಯುಲಿಸ್, ಏವನ್ ಯಾವುದನ್ನೇ ಕೊಂಡರೂ ಮೂಲ ವಿನ್ಯಾಸ ಒಂದೇ, ಹಳೆಯ ಇಂಗ್ಲಿಷ್ ರೋಡ್‌ಸ್ಟರ್. 28×1½ ಟಯರು, ಮುಂದೆ 32 ಹಿಂದೆ 40 ಕಡ್ಡಿ, ಉಕ್ಕಿನ ಫ್ರೇಮು, ಪೂರ್ತಿ ಚೈನ್‌ಕೇಸು, ಡಬಲ್ ಸ್ಟ್ಯಾಂಡು, ಅಗಲದ ಕ್ಯಾರಿಯರ್. ತೂಕ ಸುಮಾರು 20 ಕೆ.ಜಿ. ಈ ಏಕರೂಪವೇ ಇದರ ದೊಡ್ಡ ಗುಣ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ನಿಂತಿತು, ಆದರೂ ಆ ಸೈಕಲ್‌ಗಳಿಗೆ ಇವತ್ತಿಗೂ ಟಯರು, ಚಕ್ರದ ನಡುವಿನ ಹಬ್ಬಿನಲ್ಲಿ ಬಾಲ್ಸನ್ನು ಹಿಡಿದಿಡುವ ಕೋನು, ಹಿಂದಿನ ಹಲ್ಲುಚಕ್ರವಾದ ಫ್ರೀವೀಲು ಸಿಗುತ್ತವೆ. ಲೂಧಿಯಾನದಿಂದ ಬರುವ ಬಿಡಿಭಾಗ ಎಲ್ಲ ಕಂಪನಿಯದಕ್ಕೂ ಕೂರುತ್ತದೆ.

ಅಳತೆಯನ್ನು ನೋಡದೆ ಕೊಳ್ಳಬೇಡಿ. ಫ್ರೇಮು 22 ಮತ್ತು 24 ಇಂಚಿನದು ಬರುತ್ತದೆ. ಮೇಲಿನ ಪೈಪಿಗೆ ಎರಡೂ ಬದಿ ಕಾಲು ಹಾಕಿ ನೆಲದ ಮೇಲೆ ನಿಂತಾಗ ಪೈಪಿಗೂ ಮೈಗೂ ನಡುವೆ ಕನಿಷ್ಠ ಒಂದು ಇಂಚು ಇರಬೇಕು. ಇಲ್ಲದಿದ್ದರೆ ಸಿಗ್ನಲ್ಲಿನಲ್ಲಿ ದಿಢೀರ್ ಇಳಿಯುವಾಗ ಪೆಟ್ಟು ಗ್ಯಾರಂಟಿ. ಸೀರೆ, ಪಂಚೆ ಉಡುವವರು, ಮಂಡಿ ಬಿಗಿ ಇರುವವರು ಪೈಪು ಕೆಳಗೆ ಬಾಗಿದ ಲೇಡೀಸ್ ಮಾದರಿಯನ್ನೇ ತೆಗೆದುಕೊಳ್ಳಲಿ, ಸಂಕೋಚಪಡುವಂಥದ್ದೇನಿಲ್ಲ. ಸೀಟಿನ ಎತ್ತರ: ಹಿಮ್ಮಡಿಯನ್ನು ಕೆಳಗಿರುವ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸುವ ರೂಢಿಯಿದೆ. ಮತ್ತೆ ತುಳಿಯಲು ಶುರುಮಾಡಿದವರ ಮಂಡಿನೋವಿಗೆ ಹೆಚ್ಚಿನ ಸಲ ಅದೇ ಕಾರಣ.

ಎರಡನೇ ಕಾರಣ ಹಲ್ಲಿನ ಲೆಕ್ಕ. ಸಾಮಾನ್ಯವಾಗಿ ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 5.4 ಮೀಟರ್ ಹೋಗುತ್ತದೆ. ಇದು ಸಿಗ್ನಲ್ಲಿಂದ ಎತ್ತುವಾಗ, ಫ್ಲೈಓವರ್ ಹತ್ತುವಾಗ ಭಾರ. ಕೊಳ್ಳುವಾಗಲೇ 20 ಹಲ್ಲಿನ ಫ್ರೀವೀಲ್ ಹಾಕಿಸಿ. ಸುತ್ತಿಗೆ 4.9 ಮೀಟರ್ ಆಗುತ್ತದೆ, ಅಂದರೆ ತುಳಿತ ಹತ್ತನೇ ಒಂದು ಭಾಗ ಹಗುರ. ಗಂಟೆಗೆ 15 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 46 ಸುತ್ತಿನ ಬದಲು 51 ಸುತ್ತು ಬೇಕಾಗುತ್ತದೆ, ಕಾಲಿಗೆ ಅದೇ ಒಳ್ಳೆಯದು. ಎರಡು ಹಲ್ಲು ಹೆಚ್ಚಿದರೆ ಹಿಂದಿನ ಚಕ್ರವನ್ನು ಕಾಲು ಇಂಚು ಮುಂದೆ ತಳ್ಳಿದರೆ ಸಾಕು, ಹಳೆಯ ಚೈನೇ ನಡೆಯುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಮಾತ್ರ ಕೊಂಡಿ ಸೇರಿಸಬೇಕು. ಇದರ ಮೇಲೆ ಖರ್ಚು ಮಾಡುವ ಹಣ ಸೈಕಲ್ಲಿನ ಬೇರೆ ಯಾವ ಅಲಂಕಾರಕ್ಕಿಂತಲೂ ಸಾರ್ಥಕ.

ಇನ್ನು ರಾಡ್ ಬ್ರೇಕ್. ಕೇಬಲ್ ಇಲ್ಲ. ಹಿಡಿ ಒತ್ತಿದರೆ ಕಂಬಿಗಳು ಎಳೆದು, ರಿಮ್ಮಿನ ಒಳಮೈಗೆ, ಅಂದರೆ ಹಬ್ಬಿನ ಕಡೆಗಿರುವ ಮೈಗೆ, ರಬ್ಬರನ್ನು ಒತ್ತುತ್ತವೆ. ಹೀಗಾಗಿ ಚಕ್ರ ಪಕ್ಕಕ್ಕೆ ಸ್ವಲ್ಪ ಬೆಂಡಾದರೂ ಬ್ರೇಕಿಗೆ ತೊಂದರೆಯಿಲ್ಲ. ಗುಂಡಿಗೆ ಬಿದ್ದು ರಿಮ್ಮು ಮೇಲೆ-ಕೆಳಗೆ ತಗ್ಗಾದರೆ ಮಾತ್ರ ಪ್ರತಿ ಸುತ್ತಿಗೂ ಬ್ರೇಕು ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಆಗ ರಬ್ಬರ್ ಬದಲಿಸಿ ಪ್ರಯೋಜನವಿಲ್ಲ, ಚಕ್ರದ ಬೆಂಡ್ ತೆಗೆಸಬೇಕು. ರಬ್ಬರಿಗೂ ರಿಮ್ಮಿಗೂ ನಡುವೆ ಸುಮಾರು 3 ಮಿ.ಮೀ. ಇರಲಿ. ರಬ್ಬರ್ ಸವೆದಂತೆ ಕಂಬಿ ಹಿಡಿದಿರುವ ಬೋಲ್ಟು ಸಡಿಲಿಸಿ, ಕಂಬಿಯನ್ನು ಅಷ್ಟೇ ಸರಿಸಿ ಮತ್ತೆ ಬಿಗಿ ಮಾಡಿದರಾಯಿತು. ರಬ್ಬರ್ ಕೂರುವ ತಗಡಿನ ಗೂಡಿಗೆ ಒಂದು ಬದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಚಕ್ರ ತಿರುಗುವಾಗ ರಿಮ್ಮು ರಬ್ಬರನ್ನು ಯಾವ ಕಡೆಗೆ ಎಳೆಯುತ್ತದೋ ಆ ಕಡೆಗೆ ಮುಚ್ಚಿದ ಬದಿ ಇರಬೇಕು. ಉಲ್ಟಾ ಕೂರಿಸಿದರೆ ಜೋರಾಗಿ ಬ್ರೇಕ್ ಹಿಡಿದ ಗಳಿಗೆಯಲ್ಲೇ ರಬ್ಬರ್ ಗೂಡಿನಿಂದ ಹಾರಿಹೋಗುತ್ತದೆ. ರಿಪೇರಿ ಮಾಡಿಸಿಕೊಂಡು ಬಂದಾಗಲೆಲ್ಲ ಇದನ್ನು ಬಗ್ಗಿ ನೋಡಿ.

ಮಳೆಯಲ್ಲಿ ಈ ಬ್ರೇಕು ದುರ್ಬಲ, ಇದನ್ನು ಮುಚ್ಚಿಡುವ ಹಾಗಿಲ್ಲ. ರಿಮ್ಮು ಕ್ರೋಮ್ ಹಾಕಿದ ಉಕ್ಕು, ಒದ್ದೆಯಾದರೆ ರಬ್ಬರ್ ಜಾರುತ್ತದೆ. ನಿಲ್ಲಿಸಬೇಕಾದ ಜಾಗಕ್ಕೆ ಬಹಳ ಮೊದಲೇ ಮೆಲ್ಲಗೆ ಬ್ರೇಕ್ ತಾಗಿಸಿ ನಾಲ್ಕಾರು ಸುತ್ತು ನೀರು ಒರೆಸಿ, ಆಮೇಲೆ ಒತ್ತಿ. ದಿನವೂ ಇಳಿಜಾರಿನ ತುದಿಯಲ್ಲಿ ದೊಡ್ಡ ರಸ್ತೆ ಸೇರುವ ದಾರಿ ನಿಮ್ಮದಾಗಿದ್ದರೆ ಮಳೆಗಾಲಕ್ಕೆ ಬೇರೆ ದಾರಿ ಹುಡುಕಿಕೊಳ್ಳಿ.

ಹೊಸ ಸೈಕಲ್ ಅಂಗಡಿಗೆ ಬಿಡಿಯಾಗಿ ಬಂದು ಅಲ್ಲಿ ಜೋಡಣೆಯಾಗುತ್ತದೆ. ಅವಸರದ ಜೋಡಣೆಯಲ್ಲಿ ಗ್ರೀಸ್ ಕಡಿಮೆ, ಕೋನು ಅತಿ ಬಿಗಿ. ಚಕ್ರ ಎತ್ತಿ ತಿರುಗಿಸಿದರೆ ವಾಲ್ ಇರುವ ಭಾಗ ತಾನಾಗಿ ಕೆಳಗೆ ಬಂದು, ತೂಗಿ ನಿಲ್ಲಬೇಕು. ಗಕ್ಕನೆ ನಿಂತರೆ ಕೋನು ಬಿಗಿ. ಆಕ್ಸಲ್ ಹಿಡಿದು ರಿಮ್ಮನ್ನು ಅಲ್ಲಾಡಿಸಿದಾಗ ಲೊಟಲೊಟ ಅಂದರೆ ಸಡಿಲ. ಹಬ್ಬು ಬಿಚ್ಚಿಸಿದಾಗ ಮುಂದೆ 3/16 ಇಂಚಿನ ಬಾಲ್ಸು ಬದಿಗೆ ಹತ್ತು, ಹಿಂದೆ ಕಾಲು ಇಂಚಿನವು ಬದಿಗೆ ಒಂಬತ್ತು ಇವೆಯೇ ಎಂದು ಎಣಿಸಿ. ಒಂದು ಕಡಿಮೆ ಹಾಕಿದರೂ ಕೋನು ಬೇಗ ಸವೆಯುತ್ತದೆ.

ಪೆಡಲ್ ಕೂರುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ಆಕ್ಸಲ್ಲಿಗೆ ಹಿಡಿದಿರುವ ಕಾಟರ್ ಪಿನ್ ಬಗ್ಗೆ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ಹೊಸದರಲ್ಲಿ ಮೊದಲ ವಾರಗಳ ತುಳಿತಕ್ಕೆ ಪಿನ್ನು ಒಳಗೆ ಕೂತು ನೆಟ್ಟು ಸಡಿಲವಾಗುತ್ತದೆ. ಸುತ್ತಿಗೊಮ್ಮೆ, ಒಂದೇ ಜಾಗದಲ್ಲಿ, ಪೆಡಲ್ಲಿನಿಂದ ‘ಕಟ್’ ಎಂದರೆ ಅದೇ. ಹಾಗೇ ತುಳಿದರೆ ಪಿನ್ನಿನ ಜೊತೆ ಅದು ಕೂರುವ ಆಕ್ಸಲ್ಲಿನ ತೋಡೂ ಸವೆಯುತ್ತದೆ, ಹತ್ತಾರು ರೂಪಾಯಿಯ ಕೆಲಸ ನೂರಾರಕ್ಕೆ ಹೋಗುತ್ತದೆ. ನೆಟ್ಟು ತಿರುಪಿ ಪಿನ್ನನ್ನು ಎಳೆಯಬಾರದು, ಥ್ರೆಡ್ಡು ಕಿತ್ತುಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಆಸರೆ ಕೊಟ್ಟು, ಸುತ್ತಿಗೆಯಿಂದ ಹೊಡೆದು ಕೂರಿಸಿ, ಕೊನೆಗೆ ನೆಟ್ಟು ಬಿಗಿಯಬೇಕು. ಮೊದಲ ತಿಂಗಳ ಕೊನೆಗೆ ಇದನ್ನೂ ಕಡ್ಡಿಗಳ ಬಿಗಿತವನ್ನೂ ಒಟ್ಟಿಗೆ ಮಾಡಿಸಿಬಿಡಿ. ಆಮೇಲೆ ವರ್ಷಕ್ಕೊಂದು ಓವರಾಯಿಲಿಂಗ್ ಸಾಕು, ಮಳೆಗಾಲ ಮುಗಿದ ಮೇಲೆ.

ಪಂಕ್ಚರ್ ಭಯ ಇಟ್ಟುಕೊಳ್ಳಬೇಡಿ. ಚಕ್ರ ಬಿಚ್ಚದೆ ಟಯರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಪಕ್ಕಕ್ಕೆ ಎಳೆದು ಪ್ಯಾಚ್ ಹಾಕಬಹುದು. ಬೆಳಿಗ್ಗೆ ಗಾಳಿ ಇಳಿದಿದ್ದರೆ ಮೊದಲು ಟ್ಯೂಬನ್ನಲ್ಲ, ವಾಲ್ ಟ್ಯೂಬನ್ನು ಅನುಮಾನಿಸಿ. ವಾಲಿನ ಬಾಯಿಗೆ ಎಂಜಲು ಹಚ್ಚಿದಾಗ ಗುಳ್ಳೆ ಎದ್ದರೆ, ಒಳಗಿನ ಆ ಸಣ್ಣ ರಬ್ಬರ್ ಕೊಳವೆ ಬಿರಿದಿದೆ. ಬಿಸಿಲಿಗೆ ಅದು ಬಿರಿಯುವುದು ಸಹಜ, ಎರಡು ತುಂಡು ಜೇಬಿನಲ್ಲಿಟ್ಟುಕೊಂಡಿರಿ.

ಚೈನ್‌ಕೇಸ್ ಇರುವುದರಿಂದ ಪ್ಯಾಂಟಿಗೆ ಎಣ್ಣೆ ಮೆತ್ತುವುದಿಲ್ಲ, ಚೈನಿಗೆ ಧೂಳು ಕೂರುವುದಿಲ್ಲ. ಕೇಸಿನೊಳಗೆ ಗರಗರ ಬಡಿಯಲು ಶುರುವಾದರೆ ಚೈನು ಜೋತಿದೆ ಎಂದರ್ಥ. ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಆಡಬೇಕು, ಅದಕ್ಕಿಂತ ಹೆಚ್ಚಲ್ಲ. ಚೈನು ಬಿಗಿಸಲು ಹಿಂದಿನ ಚಕ್ರ ಎಳೆಯುವಾಗ ಎರಡೂ ಬದಿಯ ನೆಟ್ಟನ್ನು ಸಮವಾಗಿ ತಿರುಗಿಸದಿದ್ದರೆ ಚಕ್ರ ಓರೆಯಾಗಿ ಹಿಂದಿನ ಫೋರ್ಕಿಗೆ ಉಜ್ಜುತ್ತದೆ.

ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್ ಇದು. ಬ್ಯಾಗನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಕ್ಯಾರಿಯರಿಗೆ ಬಿಗಿದರೆ ಬೆನ್ನು ಬೆವರುವುದಿಲ್ಲ, ಟ್ರಾಫಿಕ್ಕೂ ಚೆನ್ನಾಗಿ ಕಾಣುತ್ತದೆ. ಅದೇ ಕೂರುವ ರೀತಿ ಎದುರುಗಾಳಿಗೆ ಶತ್ರು. ಗದಗ, ಚಿತ್ರದುರ್ಗದ ಕಡೆ ಆಷಾಢದ ಗಾಳಿಯಲ್ಲಿ ಅರ್ಧ ಗಂಟೆಯ ದಾರಿಗೆ ಹತ್ತು ನಿಮಿಷ ಹೆಚ್ಚೇ ಇಟ್ಟುಕೊಳ್ಳಿ. ಡೈನಮೋ ದೀಪ ಸೈಕಲ್ ನಿಂತೊಡನೆ ಆರಿಹೋಗುತ್ತದೆ, ಹಾಗಾಗಿ ಹಿಂದೆ ಬ್ಯಾಟರಿಯ ಕೆಂಪು ದೀಪ ಬೇರೆಯೇ ಬೇಕು.

ಹಳೆಯದನ್ನು ಕೊಳ್ಳುವುದಾದರೆ ಬಣ್ಣ ನೋಡಬೇಡಿ. ಸೀಟಿನ ಕಂಬ ಮೇಲೆ-ಕೆಳಗೆ ಸರಿಯುತ್ತದೆಯೇ, ಮುಂದಿನ ಫೋರ್ಕಿನ ನೆತ್ತಿಯಲ್ಲಿ ಬಿರುಕಿದೆಯೇ, ರಿಮ್ಮಿನ ಒಳಮೈಯಲ್ಲಿ ಕ್ರೋಮ್ ಎದ್ದು ತುಕ್ಕು ತಿಂದಿದೆಯೇ ನೋಡಿ. ಕಂಬ ತುಕ್ಕು ಹಿಡಿದು ಫ್ರೇಮಿಗೆ ಅಂಟಿಕೊಂಡಿದ್ದು, ಎತ್ತರ ನಿಮಗೆ ಹೊಂದದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಫೋರ್ಕಿನಲ್ಲಿ ಬಿರುಕು ಕಂಡರೆ ವೆಲ್ಡ್ ಮಾಡಿಸುತ್ತೇವೆ ಎಂದರೂ ಒಪ್ಪದೆ ಹೊಸ ಫೋರ್ಕಿನ ಬೆಲೆಯನ್ನು ಚೌಕಾಶಿಯಲ್ಲಿ ಕಳೆಯಿರಿ.