ಮೈಸೂರು ವಿಶ್ವವಿದ್ಯಾನಿಲಯ: ಅರಮನೆ ನೋಡಿದ ಮೇಲೆ ಇಲ್ಲಿಗೂ ಹೋಗಿ

ಮೈಸೂರಿಗೆ ಬಂದವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿ, ಮೈಸೂರ್‌ಪಾಕ್ ಕಟ್ಟಿಸಿಕೊಂಡು ಬಸ್ ಹತ್ತಿಬಿಡುತ್ತಾರೆ. ದಯವಿಟ್ಟು ಅರ್ಧ ದಿನ ವಿಶ್ವವಿದ್ಯಾನಿಲಯಕ್ಕೂ ಇಟ್ಟುಕೊಳ್ಳಿ. ಅಲ್ಲಿ ಓದಲು ಸೇರುವವರಿಗೆ ಮಾತ್ರ ಹೇಳುತ್ತಿಲ್ಲ, ಕನ್ನಡ ಓದುವ ಎಲ್ಲರಿಗೂ ಹೇಳುತ್ತಿದ್ದೇನೆ.

ಮೊದಲು ಕೃಷ್ಣರಾಜ ಬುಲೇವಾರ್ಡ್‌ನಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯ. ಓಆರ್‌ಐ (ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್) ಅಂದರೆ ಆಟೋದವರಿಗೆ ಬೇಗ ಗೊತ್ತಾಗುತ್ತದೆ. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಓಆರ್‌ಐ ಅದಕ್ಕೂ ಹಳೆಯದು, 1891ರದ್ದು, ಆಮೇಲೆ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಒಳಗೆ ಸಾವಿರಾರು ಓಲೆಗರಿ ಕಟ್ಟುಗಳಿವೆ. ಒಂದು ಗರಿಯನ್ನು ಹತ್ತಿರದಿಂದ ನೋಡಿದೆ. ಎರಡು ಬೆರಳಷ್ಟು ಅಗಲ, ಒಣಗಿ ಕಂದು ಬಣ್ಣಕ್ಕೆ ತಿರುಗಿದೆ, ಕಟ್ಟಿನ ದಾರ ಪೋಣಿಸಲು ತೂತು. ಅಕ್ಷರ ಬರೆದದ್ದಲ್ಲ, ಕಬ್ಬಿಣದ ಕಂಟದಿಂದ ಕೊರೆದದ್ದು. ಮೇಲೆ ಮಸಿ ತಿಕ್ಕಿದರೆ ಗೀರಿನೊಳಗೆ ಕೂತು ಸಾಲು ಎದ್ದು ಕಾಣುತ್ತದೆ. ಹುಳ ಹಿಡಿಯದಂತೆ, ಗರಿ ಮುರಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ, ಆ ಘಮ ನನಗೆ ಇನ್ನೂ ನೆನಪಿದೆ.

ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಇಲ್ಲೇ ಅಲ್ವಾ! ಅಲ್ಲಿಯವರೆಗೆ ಬೇರೆ ಗ್ರಂಥಗಳಲ್ಲಿ ಅದರ ಮಾತು ಬರುತ್ತಿತ್ತು, ಪುಸ್ತಕ ಮಾತ್ರ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಕಟ್ಟು ತಂದುಕೊಟ್ಟರು. ಸಂಸ್ಕೃತ ಬರೆಯಲು ದಕ್ಷಿಣದಲ್ಲಿ ಬಳಸುತ್ತಿದ್ದ 'ಗ್ರಂಥ' ಎಂಬ ಹಳೆಯ ಲಿಪಿಯಲ್ಲಿತ್ತು. ಇಲ್ಲಿ ಲೈಬ್ರರಿಯನ್ ಆಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ಓದಿ, ಇದು ಏನು ಅಂತ ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು. ಒಬ್ಬ ಲೈಬ್ರರಿಯನ್ ತಾಳ್ಮೆಯಿಂದ ಕೂತು ಓದಿದ್ದಕ್ಕೆ ಇವತ್ತು ಜಗತ್ತು ಆ ಪುಸ್ತಕ ಓದುತ್ತಿದೆ. ಸಂಶೋಧನೆ ಅಂದರೆ ನನಗೆ ಇದೇ ಕಣ್ಣಮುಂದೆ ಬರುವುದು, ರ‍್ಯಾಂಕಿಂಗ್ ಪಟ್ಟಿಯಲ್ಲ.

ಇನ್ನೊಂದು ನನಗೆ ತುಂಬಾ ಇಷ್ಟ. ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು 1930ರ ದಶಕದಲ್ಲೇ ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುತ್ತಿದ್ದರು, ಅವು ಸಣ್ಣ ಪುಸ್ತಕಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳನ್ನು ಸುಮ್ನೆ ತಿರುವಿ ಹಾಕಿ ನೋಡಿ, ವಿಜ್ಞಾನವನ್ನು ಎಷ್ಟು ಸರಳವಾಗಿ ಹೇಳಿದ್ದಾರೆ! ಇಂಗ್ಲಿಷ್–ಕನ್ನಡ ನಿಘಂಟೂ ಇವರದ್ದೇ, ನಮ್ಮ ಮನೆಯಲ್ಲಿ ಇವತ್ತಿಗೂ ಬಳಸುತ್ತೇವೆ.

ಸಂಜೆ ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಹೋಗಿ. ಆ ಹೆಸರು ಕುಲಪತಿಯಾಗಿದ್ದ ಕುವೆಂಪು ಇಟ್ಟದ್ದು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಏರಿ ಮೇಲೆ ನಡೆದರೆ ಹೆಜ್ಜಾರ್ಲೆಗಳು ನೀರಿಗಿಳಿಯುವುದು ಕಾಣುತ್ತದೆ.

ನನ್ನ ಕಡೆಯಿಂದ ಐದಕ್ಕೆ ಐದು. ಓಆರ್‌ಐಗೆ ಕೆಲಸದ ದಿನವೇ ಹೋಗಿ, ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆದರೆ ಗರಿಗಳನ್ನು ಮುಟ್ಟಲು ಬಿಡಬೇಡಿ.