ಬಾಲ್ಡ್ ಈಗಲ್ ಗೂಡು ಲೈವ್: ಬಿಗ್ ಬೇರ್ ನೋಡೋದಾ, ಡೆಕೋರಾ ನೋಡೋದಾ?

ಬಾಲ್ಡ್ ಈಗಲ್ ಅಂದರೆ ಬಿಳಿ ತಲೆಯ ಹದ್ದು. ಅದರ ಗೂಡನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸುವ ಕ್ಯಾಮೆರಾಗಳಿವು. ಎರಡೂ ಅಮೆರಿಕದವು, ಎರಡೂ ಉಚಿತ. ಆದರೆ ನೋಡುವ ಅನುಭವ ಬೇರೆ.

ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಗೂಡು ಜೆಫ್ರಿ ಪೈನ್ ಮರದ ಮೇಲೆ, ಸುಮಾರು 145 ಅಡಿ ಎತ್ತರದಲ್ಲಿದೆ. ಹಿಂದೆ ಸರೋವರ, ಮುಂದೆ ಜಾಕಿ ಮತ್ತು ಶ್ಯಾಡೋ ಎಂಬ ಹದ್ದಿನ ಜೋಡಿ. ಸಾಮಾನ್ಯವಾಗಿ ಜನವರಿ ಹೊತ್ತಿಗೆ ಮೊಟ್ಟೆ. ಹಿಮ ಬೀಳುತ್ತಿದ್ದರೂ ಹಕ್ಕಿ ಕದಲುವುದಿಲ್ಲ, ಬೆನ್ನ ಮೇಲೆ ಹಿಮ ಕೂತಿರುತ್ತದೆ. ಸಂಕಟವೂ ಜಾಸ್ತಿ. 2023, 2024ರಲ್ಲಿ ಮೊಟ್ಟೆಯಿಂದ ಮರಿ ಬರಲೇ ಇಲ್ಲ. 2025ರ ಮಾರ್ಚ್‌ನಲ್ಲಿ ಮೂರು ಮರಿ ಬಂದವು, ಹಿಮಗಾಳಿಯಲ್ಲಿ ಒಂದು ಸತ್ತಿತು. ಉಳಿದ ಸನ್ನಿ, ಗಿಜ್ಮೋ ಜೂನ್‌ನಲ್ಲಿ ಹಾರಿದವು.

ಅಯೋವಾದ ಡೆಕೋರಾ ಕ್ಯಾಮೆರಾಗಳನ್ನು ರಾಪ್ಟರ್ ರಿಸೋರ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ನಡೆಸುತ್ತದೆ. ಇಲ್ಲಿ ಮೊಟ್ಟೆ ಫೆಬ್ರವರಿಯ ಹೊತ್ತಿಗೆ. ಸುತ್ತ ಹಳ್ಳಿಗಾಡು, ನೋಟ ಅಷ್ಟು ಬೆರಗಿನದಲ್ಲ.

ನಮ್ಮ ಊರಿನಿಂದ ನೋಡುವವರಿಗೆ ಗಡಿಯಾರವೇ ಮುಖ್ಯ, ಅಲ್ವಾ? ಜನವರಿಯಲ್ಲಿ ಬಿಗ್ ಬೇರ್‌ನಲ್ಲಿ ಬೆಳಗಾಗುವಾಗ ಇಲ್ಲಿ ರಾತ್ರಿ 8 ದಾಟಿರುತ್ತದೆ, ಊಟ ಮುಗಿಸಿ ಕೂರಬಹುದು. ಮಾರ್ಚ್ ಕೊನೆಗೆ ಡೆಕೋರಾದಲ್ಲಿ ನಮ್ಮ ಸಂಜೆ 5.30ಕ್ಕೇ ಬೆಳಕು, ಹಾಗಾಗಿ ಶಾಲೆ ಮುಗಿಸಿ ಬಂದ ಮಕ್ಕಳಿಗೆ ಇದೇ ಸರಿ. ನನಗಾದರೆ ಬಿಗ್ ಬೇರ್ ಇಷ್ಟ. ಚಿಕ್ಕ ಮಕ್ಕಳ ಜೊತೆ ನೋಡುವುದಾದರೆ, ಯಾವ ಗೂಡಿನಲ್ಲೂ ಮರಿ ಸಾಯಬಹುದು ಎಂದು ಮೊದಲೇ ಹೇಳಿಬಿಡಿ.